ಡಾಕ್ಟರ್ ಕಾರ್ಟರ್ ಮತ್ತು ಕೆರೆಯ ಸ್ಪಂಜು

ಥಾಣೆ ಸ್ಟೇಶನ್ನಿನಿಂದ ಹೊರಬಿದ್ದು ಸ್ವಲ್ಪ ದೂರ ನಡೆದರೆ ಮಸುಂದಾ ತಲಾವ್ ಸಿಗುತ್ತದೆ. ತಲಾವ್ ಪಾಳಿ ಅಂತ ಎಲ್ಲರೂ ಕರೆಯುವ ಜಾಗ. ಸಂಜೆಯಾದರೆ ಕಟ್ಟೆಯ ಮೇಲೆ ಕೂರಲು ಜಾಗ ಇರುವುದಿಲ್ಲ. ನೀರಿನ ಕಡೆ ಮುಖ ಮಾಡಿಯೇ ಎಲ್ಲರೂ ಕೂರುತ್ತಾರೆ. ಆದರೆ ನೀರನ್ನು ನೋಡುವವರು ಎಷ್ಟು ಮಂದಿ? ನೀರಿನೊಳಗಿನ ಕಲ್ಲಿಗೆ, ಕೊಳೆತ ಕಡ್ಡಿಗೆ ಅಂಟಿಕೊಂಡು ಏನು ಬೆಳೆದಿದೆ ಎಂದು ಬಗ್ಗಿ ನೋಡುವವರಂತೂ ಇಲ್ಲವೇ ಇಲ್ಲ ಎನ್ನಬೇಕು.

ಹಾಗೆ ಬಗ್ಗಿ ನೋಡಿದ ಒಬ್ಬ ಡಾಕ್ಟರನ ಕಥೆ ಇದು. ಆತ ನೋಡಿದ್ದು ಥಾಣೆಯ ಕೆರೆಯನ್ನಲ್ಲ, ಮುಂಬಯಿ ದ್ವೀಪದ ಕೆರೆಗಳನ್ನು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ. ಪಿ. ಟ್ಯಾಂಕ್ ಎಂಬ ಹೆಸರುಗಳನ್ನು ನಾವು ದಿನಾ ಕೇಳುತ್ತೇವೆ. ಅಲ್ಲಿಗೆ ಹೋದರೆ ಒಂದು ಹನಿ ನೀರೂ ಕಾಣುವುದಿಲ್ಲ. ರಸ್ತೆ, ಮೈದಾನ, ಅಂಗಡಿಗಳೇ. ಒಂದು ಕಾಲಕ್ಕೆ ಅವೆಲ್ಲ ನಿಜವಾದ ಕೆರೆಗಳು. ಊರಿನವರು ಕುಡಿದದ್ದು, ಬಟ್ಟೆ ಒಗೆದದ್ದು, ದನಗಳಿಗೆ ನೀರುಣಿಸಿದ್ದು ಅಲ್ಲಿಯೇ. ಆ ಕಾಲದಲ್ಲಿ ಇಲ್ಲಿದ್ದವನು ಹೆನ್ರಿ ಜಾನ್ ಕಾರ್ಟರ್. ಜೀವಶಾಸ್ತ್ರಜ್ಞರಲ್ಲಿ, ಅದರಲ್ಲೂ ಸ್ಪಂಜುಗಳನ್ನು ಅಭ್ಯಾಸ ಮಾಡುವವರಲ್ಲಿ ಈ ಹೆಸರು ಕೇಳದವರು ಇಲ್ಲ. ಆತ ಬಾಳಿದ ಊರಿನಲ್ಲಿ ಮಾತ್ರ ಅವನನ್ನು ಬಲ್ಲವರು ಕಡಿಮೆ.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಆ ಕಾಲದ ಮುಂಬಯಿಯಲ್ಲಿ ಎಚ್. ಕಾರ್ಟರ್ ಎಂಬ ಡಾಕ್ಟರುಗಳು ಇಬ್ಬರಿದ್ದರು. ಒಬ್ಬ ಹೆನ್ರಿ ವಾಂಡೈಕ್ ಕಾರ್ಟರ್. ವೈದ್ಯ ವಿದ್ಯಾರ್ಥಿಗಳೆಲ್ಲ ಓದುವ ಗ್ರೇ ಅವರ ಅಂಗರಚನಾ ಗ್ರಂಥಕ್ಕೆ ಚಿತ್ರ ಬರೆದವನು, ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವನು. ನಮ್ಮ ಕಥೆಯ ಕಾರ್ಟರ್ ಅವನಲ್ಲ, ಅವನಿಗಿಂತ ಹದಿನೆಂಟು ವರ್ಷ ಹಿರಿಯ.

ಹೆನ್ರಿ ಜಾನ್ ಕಾರ್ಟರ್ ಹುಟ್ಟಿದ್ದು 1813ರ ಆಗಸ್ಟ್ 18ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬಡ್ಲಿ ಸಾಲ್ಟರ್ಟನ್ ಎಂಬ ಕಡಲತೀರದ ಸಣ್ಣ ಊರಿನಲ್ಲಿ. ವೈದ್ಯ ಕಲಿತು, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ವೈದ್ಯ ಸೇವೆಗೆ ಸೇರಿದ. ಎರಡು ವರ್ಷಕ್ಕೆ ಅವನನ್ನು ಪಾಲಿನ್ಯೂರಸ್ ಎಂಬ ಸರ್ವೆ ಹಡಗಿನ ಡಾಕ್ಟರನಾಗಿ ಕಳಿಸಿದರು. 1844ರಿಂದ 1846ರವರೆಗೆ ಆ ಹಡಗು ಅರೇಬಿಯಾದ ಆಗ್ನೇಯ ಕರಾವಳಿಯನ್ನು ಅಳೆಯಿತು. ಹಡಗಿನ ಡಾಕ್ಟರನಿಗೆ ನಾವಿಕರ ಜ್ವರ, ಗಾಯ ನೋಡಿದರೆ ಕೆಲಸ ಮುಗಿಯಿತು. ಕಾರ್ಟರನಿಗೆ ಮುಗಿಯಲಿಲ್ಲ. ದಡಕ್ಕೆ ಇಳಿದು ಬಂಡೆಗಳ ಪದರ ನೋಡಿದ. ಧೂಪದ ಅಂಟು ಒಸರುವ ಮರವನ್ನು ಕಂಡು ಅದರ ವರ್ಣನೆ ಬರೆದ. ಮುಂದೆ 1870ರಲ್ಲಿ ಜಾರ್ಜ್ ಬರ್ಡ್‌ವುಡ್ ಆ ಜಾತಿಯ ಒಂದು ಮರಕ್ಕೆ ಬಾಸ್ವೆಲಿಯಾ ಕಾರ್ಟೆರಿ ಎಂದು ಇವನ ಹೆಸರನ್ನೇ ಇಟ್ಟ. ಹಾಗಾಗಿ ಧೂಪ ಹಾಕುವ ಎಷ್ಟೋ ಮನೆಗಳಲ್ಲಿ, ಗೊತ್ತಿಲ್ಲದೆಯೇ, ಕಾರ್ಟರನ ಹೆಸರಿನ ಹೊಗೆ ಏಳುತ್ತದೆ!

ಹಡಗಿನಿಂದ ಮರಳಿ ಮುಂಬಯಿಗೆ ಬಂದವನು ಇಲ್ಲಿಯೇ ನಿಂತ. ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಗೆ ಕಾರ್ಯದರ್ಶಿಯಾದ. ಫೋರ್ಟಿನ ಟೌನ್ ಹಾಲಿನ ಉದ್ದನೆಯ ಮೆಟ್ಟಿಲು ಹತ್ತಿದವರು ಆ ಸೊಸೈಟಿಯನ್ನು ನೋಡಿಯೇ ಇರುತ್ತೀರಿ. ಈಗ ಅದು ಏಷಿಯಾಟಿಕ್ ಸೊಸೈಟಿ ಆಫ್ ಮುಂಬಯಿ. ಮುಂಬಯಿ ದ್ವೀಪದ ಕಲ್ಲುಬಂಡೆಗಳ ಬಗ್ಗೆ ಬರೆದ. ಪಶ್ಚಿಮ ಭಾರತದ ಭೂವಿಜ್ಞಾನದ ಲೇಖನಗಳನ್ನೆಲ್ಲ ಒಟ್ಟು ಹಾಕಿ 1857ರಲ್ಲಿ ದಪ್ಪ ಸಂಪುಟವೊಂದನ್ನು ಹೊರತಂದ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತಲ್ಲ, ಮರುವರ್ಷ ಹಳಿ ಕಲ್ಯಾಣಕ್ಕೂ ಮುಟ್ಟಿತಲ್ಲ, ಅದೇ ಕಾಲ. ಊರೆಲ್ಲ ರೈಲಿನ ಹೊಗೆಯನ್ನು ನೋಡುತ್ತಿದ್ದಾಗ ಇವನು ಮೈಕ್ರೋಸ್ಕೋಪಿನ ಕೆಳಗೆ ಕೆರೆನೀರು ಇಟ್ಟುಕೊಂಡು ಕೂತಿದ್ದ.

ಏನಿತ್ತು ಆ ನೀರಿನಲ್ಲಿ? ಸಿಹಿನೀರಿನ ಸ್ಪಂಜು. ಸ್ಪಂಜು ಅಂದರೆ ಸಮುದ್ರದ್ದು ಎಂದು ನಾವು ತಿಳಿದಿದ್ದೇವೆ. ಕೆರೆಯಲ್ಲೂ ಸ್ಪಂಜು ಇದೆ. ಕಲ್ಲಿನ ಮೇಲೆ, ನೀರಿಗೆ ಬಾಗಿದ ಕೊಂಬೆಯ ಮೇಲೆ, ಹಸಿರೋ ಬೂದುಬಣ್ಣವೋ ಆದ ಒರಟು ಹೊದಿಕೆಯಂತೆ ಅಂಟಿಕೊಂಡಿರುತ್ತದೆ. ಕಂಡವರು ಪಾಚಿ ಅಂದುಕೊಂಡು ಸುಮ್ಮನಾಗುತ್ತಾರೆ. 1849ರಲ್ಲಿ ಕಾರ್ಟರ್ ಮುಂಬಯಿ ಕೆರೆಗಳ ಈ ಸ್ಪಂಜುಗಳನ್ನು ವರ್ಣಿಸಿ ಆಲ್ಬಾ, ಸಿನೇರಿಯಾ, ಮೆಯೆನಿ, ಪ್ಲೂಮೋಸಾ ಎಂಬ ನಾಲ್ಕು ಹೊಸ ಜಾತಿಗಳಿಗೆ ಹೆಸರು ಕೊಟ್ಟ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಸ್ಪಂಜು ಒಣಗಿ ಸಾಯುತ್ತದೆ. ಆದರೆ ಅದರೊಳಗೆ ಸಾಸಿವೆಗಿಂತ ಸಣ್ಣ, ಬೀಜದಂಥ ಗುಂಡುಗಳು ಉಳಿದಿರುತ್ತವೆ. ಮಳೆ ಬಂದು ನೀರು ತುಂಬಿತೋ, ಆ ಗುಂಡು ಒಡೆದು ಒಳಗಿನ ಕೋಶಗಳು ಹೊರಗೆ ಹರಿದು ಹೊಸ ಸ್ಪಂಜು ಕಟ್ಟುತ್ತವೆ. ನಮ್ಮೂರ ಕಡೆ ಬೇಸಿಗೆಯಲ್ಲಿ ಸತ್ತಂತಿದ್ದ ಗರಿಕೆ ಒಂದು ಮಳೆಗೆ ಚಿಗುರುವುದಿಲ್ಲವೇ, ಹಾಗೆ.

ಕಾರ್ಟರನ ಜಾಣ್ಮೆ ಇದ್ದದ್ದು ಇಲ್ಲಿ. ಬೆಳೆದ ಸ್ಪಂಜು ದಪ್ಪ, ಬೆಳಕು ಹಾಯುವುದಿಲ್ಲ, ಒಳಗೆ ಏನಾಗುತ್ತಿದೆ ಎಂದು ಕಾಣದು. ಆದ್ದರಿಂದ ಆತ ಆ ಬೀಜಗುಂಡುಗಳನ್ನೇ ಗಾಜಿನ ಪುಟ್ಟ ಬಟ್ಟಲಿನಲ್ಲಿ ನೀರು ಹಾಕಿ ಬೆಳೆಸಿದ. ಹುಟ್ಟಿದ ಮರಿಸ್ಪಂಜು ಎಷ್ಟು ತೆಳುವೆಂದರೆ, ಜೀವಂತ ಇರುವಾಗಲೇ ಒಳಗಿನ ಓಣಿಗಳೆಲ್ಲ ಕಾಣುತ್ತವೆ. ಆ ನೀರಿಗೆ ಬಣ್ಣದ ಪುಡಿ ಬೆರೆಸಿ ನೋಡುತ್ತ ಕೂತ. ಪುಡಿಯ ಕಣಗಳು ಮೈಮೇಲಿನ ಸಣ್ಣ ರಂಧ್ರಗಳಿಂದ ಒಳಹೊಕ್ಕು, ಓಣಿಗಳಲ್ಲಿ ಸಾಗಿ, ಸಣ್ಣ ಸಣ್ಣ ಗುಂಡು ಕೋಣೆಗಳನ್ನು ಸೇರಿದವು. ಕೋಣೆಯ ಗೋಡೆಯ ತುಂಬ ಕೋಶಗಳು. ಪ್ರತಿ ಕೋಶಕ್ಕೂ ಒಂದೊಂದೇ ಚಾವಟಿ, ಶಾಸ್ತ್ರದಲ್ಲಿ ಕಶಾಂಗ ಎನ್ನುತ್ತಾರಲ್ಲ ಅದು. ಈ ಚಾವಟಿಗಳ ಬಡಿತದಿಂದಲೇ ನೀರು ಹರಿಯುತ್ತದೆ. ಆ ಕೋಶಗಳೇ ಕಣಗಳನ್ನು ನುಂಗುತ್ತವೆ. ಸ್ಪಂಜು ಸಸ್ಯವೋ ಪ್ರಾಣಿಯೋ ಎಂಬ ಹಳೆಯ ಜಗಳ ಆಗಿನ್ನೂ ಪೂರ್ತಿ ಆರಿರಲಿಲ್ಲ. ಬಾಯಿಲ್ಲ, ಹೊಟ್ಟೆಯಿಲ್ಲ, ಕಾಲಿಲ್ಲ. ಆದರೂ ಉಣ್ಣುತ್ತದೆ ಎಂಬುದನ್ನು ಕಾರ್ಟರ್ ಕಣ್ಣಾರೆ ಕಂಡ. ಇದನ್ನೆಲ್ಲ 1857ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದ. 1859ರಲ್ಲಿ ರಾಯಲ್ ಸೊಸೈಟಿ ಅವನನ್ನು ಫೆಲೋ ಆಗಿ ಆರಿಸಿಕೊಂಡಿತು.

ಆ ಚಾವಟಿಯ ಕೋಶಗಳಲ್ಲಿ ಕಾರ್ಟರ್ ಇನ್ನೊಂದು ಸಂಗತಿಯನ್ನೂ ಕಂಡಿದ್ದ. ಚಾವಟಿಯ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು, ಕಿವಿಯಂತೆ ನಿಂತ ಎರಡು ಮೊನೆಗಳು. ಕಂಡದ್ದನ್ನು ಕಂಡಂತೆ ಬರೆದಿಟ್ಟ. ಅವು ಏನು, ಯಾಕೆ ಎಂಬುದು ಅವನಿಗೆ ಹೊಳೆಯಲಿಲ್ಲ. ಈ ಎರಡು ಮೊನೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕಾರ್ಟರ್ ಎಲ್ಲವನ್ನೂ ಸರಿಯಾಗಿಯೇ ಕಂಡ ಎಂದು ಹೇಳಲಾರೆ. ಕೆರೆ ಅವನಿಗೆ ಬರೀ ಕುತೂಹಲದ ವಸ್ತುವಲ್ಲ. ಡಾಕ್ಟರನಾದ್ದರಿಂದ ಅದು ರೋಗದ ಮೂಲವೂ ಹೌದು. ಮುಂಬಯಿಯಲ್ಲಿ ಆಗ ನಾರುಹುಣ್ಣಿನ ಕಾಟ ಬಹಳ. ಕಾಲಿನ ಬೊಕ್ಕೆಯಿಂದ ಮೊಳದುದ್ದದ ದಾರದಂಥ ಹುಳು ಹೊರಬರುವ ಈ ರೋಗ ನಮ್ಮ ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ಊರಿನ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಮರಾಠಿಯಲ್ಲೂ ನಾರೂ ಅಂತಲೇ ಅದರ ಹೆಸರು. ಕೆರೆನೀರಿಗೂ ಈ ಹುಳುವಿಗೂ ನಂಟಿದೆ ಎಂದು ಕಾರ್ಟರ್ ಗುಮಾನಿಪಟ್ಟದ್ದು ಸರಿ. ಆದರೆ ಕೆರೆಯ ಕೆಸರಿನಲ್ಲಿ ತಾನು ಕಂಡ ಬೇರೆಯೇ ಸಣ್ಣ ಹುಳುಗಳು ಚರ್ಮದ ಮೂಲಕ ಮೈ ಹೊಗುತ್ತವೆ ಎಂದು ತಿಳಿದದ್ದು ತಪ್ಪು. ನೀರಿನಲ್ಲಿನ ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ಪ್ರಾಣಿಯನ್ನು ಕುಡಿಯುವ ನೀರಿನೊಂದಿಗೆ ನುಂಗುವುದರಿಂದ ರೋಗ ಬರುತ್ತದೆ ಎಂಬ ದಾರಿ ತೋರಿದವನು 1870ರ ಸುಮಾರಿಗೆ ರಷ್ಯಾದ ಫೆಡ್ಚೆಂಕೊ. ಭಾರತದಲ್ಲಿ ಈ ರೋಗದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತ ಎಂಬ ಮಾನ್ಯತೆ ಸಿಕ್ಕಿತು.

1862ರಲ್ಲಿ ಕಾರ್ಟರ್ ನಿವೃತ್ತನಾಗಿ ತಾನು ಹುಟ್ಟಿದ ಊರಿಗೇ ಹಿಂದಿರುಗಿದ. ಅಷ್ಟರಲ್ಲಿ, ಅಂದು ಥಾಣೆ ಜಿಲ್ಲೆಗೆ ಸೇರಿದ್ದ ಸಾಲ್ಸೆಟ್ಟಿನ ವಿಹಾರ ಕೆರೆಯಿಂದ ಮುಂಬಯಿಗೆ ಕೊಳವೆಯಲ್ಲಿ ನೀರು ಬರತೊಡಗಿತ್ತು. ಊರೊಳಗಿನ ಕೆರೆಗಳ ಅಗತ್ಯ ಕಡಿಮೆಯಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಲೇರಿಯಾ ಸೊಳ್ಳೆಯ ಭಯವೂ ಸೇರಿ ಒಂದೊಂದಾಗಿ ಮುಚ್ಚಿದರು.

ಈಗ ಸಮುದ್ರದಾಚೆ ಹೋಗೋಣ. ಅಮೆರಿಕದಲ್ಲಿ ಹೆನ್ರಿ ಜೇಮ್ಸ್ ಕ್ಲಾರ್ಕ್ ಎಂಬ ಜೀವಶಾಸ್ತ್ರಜ್ಞ ಇದ್ದ. ಹಾರ್ವರ್ಡಿನಲ್ಲಿ ಪ್ರಸಿದ್ಧ ಪ್ರೊಫೆಸರ್ ಲೂಯಿ ಅಗಾಸಿಯ ಶಿಷ್ಯ, ಸಹಾಯಕ. ಗುರುವಿನ ದೊಡ್ಡ ಗ್ರಂಥಕ್ಕಾಗಿ ತಾನು ದುಡಿದದ್ದಕ್ಕೆ ತಕ್ಕ ಹೆಸರು ತನಗೆ ಸಿಗಲಿಲ್ಲ ಎಂದು 1863ರಲ್ಲಿ ಒಂದು ಕರಪತ್ರವನ್ನೇ ಅಚ್ಚು ಹಾಕಿಸಿ ಹಂಚಿದ. ಗುರು ಶಿಷ್ಯರ ಸಂಬಂಧ ಮುರಿಯಿತು. ಕ್ಲಾರ್ಕ್ ಹಾರ್ವರ್ಡ್ ಬಿಟ್ಟು ಊರೂರು ಅಲೆದು ಪಾಠ ಹೇಳಿದ.

ಈ ಕ್ಲಾರ್ಕ್ ನೀರಿನಲ್ಲಿ ಒಂಟಿಯಾಗಿ ಬದುಕುವ ಕೆಲವು ಏಕಕೋಶಜೀವಿಗಳನ್ನು ನೋಡುತ್ತಿದ್ದ. ಮೊಟ್ಟೆಯಂಥ ಮೈ, ಮೇಲೆ ಒಂದೇ ಚಾವಟಿ, ಆ ಚಾವಟಿಯ ಸುತ್ತ ತೆಳ್ಳಗಿನ, ಪಾರದರ್ಶಕವಾದ ಒಂದು ಆಲಿಕೆ. ಅಂಗಿಯ ಕೊರಳಪಟ್ಟಿಯನ್ನು ಎತ್ತಿ ನಿಲ್ಲಿಸಿದ ಹಾಗೆ! ಬಳಿಕ ಸಮುದ್ರದ ಒಂದು ಸ್ಪಂಜನ್ನು ಸೀಳಿ ನೋಡಿದರೆ ಅದರೊಳಗಿನ ಕೋಶಗಳಿಗೂ ಅದೇ ಚಾವಟಿ, ಅದೇ ಕೊರಳಪಟ್ಟಿ. ಒಂಟಿ ಜೀವಿಗೂ ಸ್ಪಂಜಿನ ಕೋಶಕ್ಕೂ ವ್ಯತ್ಯಾಸ ಹೇಳಲು ಬಾರದಷ್ಟು ಹೋಲಿಕೆ. 1866 ಮತ್ತು 1867ರಲ್ಲಿ ಇದನ್ನು ಪ್ರಕಟಿಸಿದ. ಮುಂಬಯಿಯ ಕಾರ್ಟರ್ ಕಂಡ ಆ ಎರಡು ಕಿವಿಮೊನೆಗಳು ಬೇರೇನೂ ಅಲ್ಲ, ಇದೇ ಕೊರಳಪಟ್ಟಿಯ ಎರಡು ಅಂಚುಗಳು ಎಂಬ ವಿವರಣೆಯನ್ನೂ ಕೊಟ್ಟ.

ಅದು ಹೇಗೆ ಅಂತೀರಾ? ಒಂದು ಖಾಲಿ ಗಾಜಿನ ಲೋಟವನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಿ. ನಡುವಿನ ಗಾಜು ಕಾಣುವುದೇ ಇಲ್ಲ. ಎಡ ಬಲದ ಅಂಚುಗಳು ಮಾತ್ರ ಎರಡು ಗೆರೆಗಳ ಹಾಗೆ ಕಾಣುತ್ತವೆ. ಲೋಟ ಏನೆಂದು ಗೊತ್ತಿಲ್ಲದವನು ಎರಡು ಕಡ್ಡಿ ನಿಲ್ಲಿಸಿದ್ದಾರೆ ಎನ್ನಬಹುದು. ಕಾರ್ಟರನಿಗೆ ಆದದ್ದೂ ಅದೇ. ತಲೆಗೂದಲೊಂದರ ದಪ್ಪದಲ್ಲಿ ಹತ್ತಾದರೂ ಹಿಡಿಸುವಷ್ಟು ಸಣ್ಣ ಕೋಶ. ಅದರ ಮೇಲೆ ಕಂಡೂ ಕಾಣದ ಪಟ್ಟಿ. ಅಂಚನ್ನು ಕಂಡ, ಲೋಟವನ್ನು ಕಾಣಲಿಲ್ಲ.

ಇಲ್ಲಿ ನಾವು ಸ್ವಲ್ಪ ಹೊತ್ತು ಕಾರ್ಟರನ ಜಾಗದಲ್ಲಿ ನಿಂತು ಯೋಚಿಸಬೇಕು. ಹತ್ತು ವರ್ಷ ಮೊದಲೇ ಅದೇ ಕೋಶವನ್ನು ನೋಡಿದವನು ತಾನು. ರಾಯಲ್ ಸೊಸೈಟಿಯ ಫೆಲೋ ತಾನು. ಇನ್ನೊಬ್ಬನೋ ಕೆಲಸದ ನೆಲೆ ಕಳೆದುಕೊಂಡ, ತನಗಿಂತ ಕಿರಿಯ ಅಮೆರಿಕನ್. ನಾನೇ ಮೊದಲು ಕಂಡದ್ದು, ನನ್ನ ಚಿತ್ರ ನೋಡಿ ಎಂದು ಒಂದು ಸಾಲು ಬರೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅರ್ಧ ಮಾರ್ಕಿಗಾಗಿ ಮೇಷ್ಟರ ಹತ್ತಿರ ವಾದಕ್ಕೆ ನಿಲ್ಲುವವರು ನಾವು!

ಕಾರ್ಟರ್ ಮಾಡಿದ್ದು ಬೇರೆ. ಸಮುದ್ರದ ಸುಣ್ಣದ ಸ್ಪಂಜುಗಳನ್ನು ತಂದು ಜೀವಂತ ಇರುವಾಗಲೇ ಮೈಕ್ರೋಸ್ಕೋಪಿನ ಕೆಳಗಿಟ್ಟು ಮತ್ತೆ ನೋಡಿದ. ಕೊರಳಪಟ್ಟಿ ಇತ್ತು. 1871ರಲ್ಲಿ ಲೇಖನ ಬರೆದ. ಸ್ಪಂಜಿನ ಕೋಶದ ನಿಜವಾದ ರೂಪವನ್ನು ಕಂಡುಹಿಡಿದದ್ದು ಪ್ರೊಫೆಸರ್ ಜೇಮ್ಸ್ ಕ್ಲಾರ್ಕ್, ತಾನು ಅದನ್ನು ದೃಢಪಡಿಸುತ್ತಿದ್ದೇನೆ ಎಂಬುದನ್ನು ಲೇಖನದ ತಲೆಬರಹದಲ್ಲೇ ಸೇರಿಸಿದ. ಒಳಗೆಲ್ಲೋ ಮೂಲೆಯಲ್ಲಿ ಅಲ್ಲ, ತಲೆಬರಹದಲ್ಲೇ. ಸ್ವಂತ ಗುರುವಿನಿಂದ ಸಿಗಲಿಲ್ಲ ಎಂದು ಕ್ಲಾರ್ಕ್ ಕೊರಗಿದ ಮನ್ನಣೆಯನ್ನು ಕಡಲಾಚೆಯ ಈ ಡಾಕ್ಟರ್ ಕೇಳದೆಯೇ ಕೊಟ್ಟ. ಕ್ಲಾರ್ಕ್ ಹೆಚ್ಚು ಕಾಲ ಬದುಕಲಿಲ್ಲ, 1873ರಲ್ಲಿ ತೀರಿಕೊಂಡ. ಆ ಮಾತು ಅಚ್ಚಾದಾಗ ಆತ ಇನ್ನೂ ಬದುಕಿದ್ದ ಎಂಬುದೇ ಒಂದು ಸಮಾಧಾನ. ಸ್ಪಂಜುಗಳ ಮೇಲಿನ ಕೆಲಸಕ್ಕಾಗಿ ರಾಯಲ್ ಸೊಸೈಟಿ 1872ರಲ್ಲಿ ಕಾರ್ಟರನಿಗೆ ರಾಯಲ್ ಮೆಡಲ್ ಕೊಟ್ಟಿತು.

ಒಂದು ಕೋಶದ ಕೊರಳಪಟ್ಟಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಆ ಒಂಟಿ ಜೀವಿಗಳಿಗೆ ಈಗ ಕೊಯನೊಫ್ಲ್ಯಾಜೆಲೇಟ್ ಎಂದು ಹೆಸರು, ಕೊರಳಪಟ್ಟಿಯ ಕಶಾಂಗಿ ಎನ್ನೋಣ. ಎಲೆಕ್ಟ್ರಾನ್ ಮೈಕ್ರೋಸ್ಕೋಪು ಬಂದ ಮೇಲೆ ಆ ಪಟ್ಟಿ ಅಖಂಡ ಹಾಳೆಯಲ್ಲ, ಮೂವತ್ತು ನಾಲ್ವತ್ತು ಸೂಕ್ಷ್ಮ ಬೆರಳುಗಳ ಸಾಲು ಎಂದು ತಿಳಿಯಿತು. ಒಂದೊಂದು ಬೆರಳಿನೊಳಗೂ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ನಮ್ಮ ಸ್ನಾಯುಗಳಲ್ಲಿ ಇರುವ ಆಕ್ಟಿನ್ನಿನದೇ ಬಳಗ. ಚಾವಟಿ ಬುಡದಿಂದ ತುದಿಯ ಕಡೆಗೆ ಅಲೆಯಂತೆ ಬಳುಕಿ ನೀರನ್ನು ಆಚೆ ತಳ್ಳುತ್ತದೆ. ಆ ಜಾಗ ತುಂಬಲು ಪಕ್ಕದ ನೀರು ಬೆರಳುಗಳ ಸಂದಿನಿಂದ ನುಗ್ಗುತ್ತದೆ. ನೀರು ದಾಟುತ್ತದೆ, ಬ್ಯಾಕ್ಟೀರಿಯಾ ಹೊರಗೆ ಸಿಕ್ಕಿಕೊಳ್ಳುತ್ತದೆ. ಅಕ್ಕಿ ತೊಳೆದು ಜರಡಿಗೆ ಸುರಿದ ಹಾಗೆ. ಸಿಕ್ಕಿಕೊಂಡದ್ದನ್ನು ಪಟ್ಟಿಯ ಬುಡದಲ್ಲಿ ಕೋಶ ನುಂಗಿ, ಆಹಾರದ ಗುಳ್ಳೆಯೊಳಗೆ ಇಟ್ಟು ಅರಗಿಸುತ್ತದೆ. ಒಳಗೆ ಒಂದು ಕೋಶಕೇಂದ್ರ, ಚಾವಟಿಯ ಬುಡದ ಹತ್ತಿರ ಗಾಲ್ಜಿ ಪದರಗಳು, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ. ಆ ಮೈಟೊಕಾಂಡ್ರಿಯಾದ ಒಳಮಡಿಕೆಗಳು ನಮ್ಮವುಗಳ ಹಾಗೆಯೇ ಚಪ್ಪಟೆ. ಈಜುವಾಗ ಚಾವಟಿ ಹಿಂದೆ, ಮೈ ಮುಂದೆ. ಪ್ರಾಣಿಗಳ ವೀರ್ಯಾಣು ಈಜುವುದೂ ಹಾಗೆಯೇ.

ಹೋಲಿಕೆ ಬರೀ ಕಣ್ಣಿನದಲ್ಲ. 2008ರಲ್ಲಿ ಮೊನೊಸೈಗಾ ಎಂಬ ಇಂಥ ಜೀವಿಯ ಪೂರ್ತಿ ಜೀನುಗಳನ್ನು ಓದಿದರು. ಸುಮಾರು 9,200 ಜೀನುಗಳು. ಅವುಗಳಲ್ಲಿ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನ ಜೀನುಗಳೇ 23. ಪ್ರಾಣಿಗಳ ಮೈಯಲ್ಲಿ ಕೋಶಕ್ಕೆ ಕೋಶವನ್ನು ಅಂಟಿಸಿ ಹಿಡಿಯುವುದು ಇದೇ. ಒಂಟಿಯಾಗಿ ಬದುಕುವವನ ಮನೆಯಲ್ಲಿ ಇಷ್ಟು ಗೋಂದು ಯಾಕೆ? ಇಂಥ ಸಾಮಗ್ರಿ ಪ್ರಾಣಿಗಳು ಹುಟ್ಟುವ ಮೊದಲೇ ಇತ್ತು, ಪ್ರಾಣಿಗಳು ಅದನ್ನು ಹೊಸ ಕೆಲಸಕ್ಕೆ ಹಚ್ಚಿದವು ಎಂದು ವಿಜ್ಞಾನಿಗಳ ತರ್ಕ. ಇಂದು ಬದುಕಿರುವ ಏಕಕೋಶಜೀವಿಗಳಲ್ಲಿ ಪ್ರಾಣಿಗಳಿಗೆ, ಅಂದರೆ ನಮಗೂ, ಅತಿ ಹತ್ತಿರದ ಬಂಧುಗಳು ಇವೇ. ಆದರೆ ಸ್ಪಂಜೆಂದರೆ ಇಂಥ ಜೀವಿಗಳ ಬರೀ ಗುಂಪು ಎಂದು ಕ್ಲಾರ್ಕ್ ತಿಳಿದದ್ದು ನಿಲ್ಲಲಿಲ್ಲ; ಅದು ಸ್ವತಂತ್ರ ಪ್ರಾಣಿಯೇ. ಎರಡರ ಕೊರಳಪಟ್ಟಿಯೂ ಒಬ್ಬನೇ ಪೂರ್ವಜನಿಂದ ಬಂದದ್ದೋ, ಬೇರೆ ಬೇರೆಯಾಗಿ ಹುಟ್ಟಿ ಹೋಲಿಕೆ ಪಡೆದದ್ದೋ ಎಂಬ ಚರ್ಚೆ 2014 ಮತ್ತು 2019ರ ಸಂಶೋಧನೆಗಳ ಬಳಿಕ ಮತ್ತೆ ಎದ್ದಿದೆ. ಬಂಧುತ್ವದ ಬಗ್ಗೆ ತಕರಾರಿಲ್ಲ. ಪಟ್ಟಿಯ ಬಗ್ಗೆ ಇದೆ.

ಕಾರ್ಟರ್ ಮುಂದೆ ಎರಡು ದಶಕಕ್ಕೂ ಮೀರಿ ಬಡ್ಲಿ ಸಾಲ್ಟರ್ಟನ್ನಿನ ಮನೆಯಲ್ಲೇ ಕೂತು, ಮನ್ನಾರ್ ಕೊಲ್ಲಿಯಿಂದ, ಆಸ್ಟ್ರೇಲಿಯಾದಿಂದ ಬಂದ ಸ್ಪಂಜುಗಳನ್ನು ವಿಂಗಡಿಸಿ ಹೆಸರಿಟ್ಟ. 1895ರ ಮೇ 4ರಂದು, 81ನೇ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲೇ ಕಣ್ಣು ಮುಚ್ಚಿದ.

ನಮ್ಮ ದೇಶದ ನಿಂತ ನೀರುಗಳಲ್ಲಿ ಅತಿ ಸಾಮಾನ್ಯವಾಗಿ ಸಿಗುವ ಸ್ಪಂಜಿನ ಹೆಸರು ಯುನೇಪಿಯಸ್ ಕಾರ್ಟೆರಿ. 1863ರಲ್ಲಿ ಬೊವರ್‌ಬ್ಯಾಂಕ್ ಎಂಬ ಇಂಗ್ಲಿಷ್ ವಿದ್ವಾಂಸ ಕಾರ್ಟರನ ನೆನಪಿಗೆ ಇಟ್ಟ ಹೆಸರು ಅದು. ಅವನು ನೋಡಿದ ಮುಂಬಯಿ ಕೆರೆಗಳಲ್ಲಿ ಹಲವು ಇಂದು ಇಲ್ಲ. ಥಾಣೆಯಲ್ಲಿ ಮಸುಂದಾ ಇದೆ, ಕಚರಾಳಿ ಇದೆ, ಉಪವನ ಇದೆ; ಕಲ್ಯಾಣಿನಲ್ಲಿ ಕಾಳಾ ತಲಾವ್ ಇದೆ. ರಜೆಗೆ ಊರಿಗೆ ಹೋದರೆ ಅಲ್ಲಿಯೂ ಒಂದು ಕೆರೆ ಇದ್ದೇ ಇರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ದಡದ ಕಡ್ಡಿಯೊಂದನ್ನು ಎತ್ತಿ ನೋಡಿ. ಪಾಚಿಯಂತೆ ಕಂಡರೂ ಬೆರಳಿಗೆ ಜಾರದೆ, ಒರಟಾಗಿ ಗೀರಿದಂತಾದರೆ ಅದು ಸ್ಪಂಜೇ ಇದ್ದೀತು. ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಕೊರಳಪಟ್ಟಿ ಕಾಣದಿದ್ದರೆ ಬೇಸರ ಬೇಡ, ಕಾರ್ಟರನಿಗೂ ಮೊದಲ ಸಲ ಕಾಣಲಿಲ್ಲ. ಪಕ್ಕದವನಿಗೆ ಕಂಡರೆ ಮಾತ್ರ, ಜರ್ನಲ್ಲಿನಲ್ಲಿ ಅವನ ಹೆಸರು ಬರೆಯುವುದನ್ನು ಮರೆಯಬೇಡಿ.